ಸ್ವಿಚ್ಚಿನ ದೂರಪ್ರವೇಶ: ಪ್ರಚಲಿತ ಪದ್ಧತಿಯ ವಿಮರ್ಶೆ

ಕಡೂರಿಗೂ ಚಿಕ್ಕಮಗಳೂರಿಗೂ ನಡುವೆ ಇರುವ ಸಖರಾಯಪಟ್ಟಣದಂತಹ ಹೋಬಳಿ ಕೇಂದ್ರದಲ್ಲಿ, ಕಚೇರಿಯ ಗೋಡೆಯ ಮೇಲಣ ಪೆಟ್ಟಿಗೆಯೊಳಗೆ ಹಸುರು ದೀಪಗಳನ್ನು ಮಿನುಗಿಸುತ್ತಿರುವ ನೆಟ್‌ವರ್ಕ್ ಸ್ವಿಚ್ಚು ಮುಷ್ಕರ ಹೂಡಿತೆಂದರೆ, ಅದರ ಮರ್ಮವನ್ನು ಬಲ್ಲವನು ಬಹುಮಟ್ಟಿಗೆ ಆ ಊರಿನವನಾಗಿರುವುದಿಲ್ಲ. ಅವನು ತಾಲ್ಲೂಕಿನಿಂದಲೋ ಜಿಲ್ಲಾ ಕೇಂದ್ರದಿಂದಲೋ ಬರುವವರೆಗೆ, ಪಹಣಿಗೆಂದು ಬಂದ ರೈತನು ಸರತಿಯಲ್ಲಿ ನಿಂತೇ ಇರಬೇಕು. 2013ರಲ್ಲಿ ಈ ಮಾರ್ಗವಾಗಿ ರೈಲು ಓಡತೊಡಗಿತು, ನಿಜ. ಆದರೆ ರೈಲು ಬಂದ ಮಾತ್ರಕ್ಕೆ ತಂತ್ರಜ್ಞನೂ ಬಂದಾನೆಂದು ಯಾರೂ ಭರವಸೆ ಕೊಡಲಾರರು. ಆದುದರಿಂದ ದೂರದಲ್ಲಿ ಕುಳಿತೇ ಸ್ವಿಚ್ಚಿಗೆ ಲಾಗಿನ್ ಆಗುವ ಏರ್ಪಾಡು ಇಂತಹ ಊರುಗಳಿಗೆ ಅತ್ಯಾವಶ್ಯಕ. ಆ ಏರ್ಪಾಡನ್ನು ಸಾಮಾನ್ಯವಾಗಿ ಕಲಿಸುವ ಮತ್ತು ಆಚರಿಸುವ ರೀತಿಯ ಗುಣದೋಷಗಳನ್ನು ಪ್ರಕೃತ ಪರಿಶೀಲಿಸಬೇಕಾಗಿದೆ.

ಸಿಸ್ಕೋ ಸ್ವಿಚ್ಚನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮೊದಲು ಕನ್ಸೋಲ್ ಕೇಬಲ್ ಸಿಕ್ಕಿಸಿ, 9600 ಬಾಡ್ ವೇಗದಲ್ಲಿ ಯಂತ್ರದೊಡನೆ ಮಾತಿಗೆ ತೊಡಗುವುದು. ವಿಎಲ್ಎಎನ್ 1ಕ್ಕೆ ಒಂದು ಐಪಿ ವಿಳಾಸ ಕೊಡುವುದು. ‘ಲೈನ್ ವಿಟಿವೈ’ ಎಂಬಲ್ಲಿಗೆ ಹೋಗಿ ಒಂದು ಪಾಸ್‌ವರ್ಡ್ ಬರೆದು ‘ಲಾಗಿನ್’ ಎಂದು ಆಜ್ಞಾಪಿಸುವುದು. ಅನೇಕ ಸ್ವಿಚ್ಚುಗಳಲ್ಲಿ ಇಷ್ಟಕ್ಕೆ ಟೆಲ್‌ನೆಟ್ ಎಂಬ ದೂರಪ್ರವೇಶದ ದಾರಿ ತೆರೆದುಕೊಳ್ಳುತ್ತದೆ. ಈ ಪಾಠಕ್ರಮದ ಸಂಕ್ಷಿಪ್ತತೆ ಶ್ಲಾಘನೀಯವೇ. ಆದರೆ ಅದರ ದೋಷವೂ ಅಲ್ಲಿಯೇ ಬೇರೂರಿದೆ.

1969ರಷ್ಟು ಹಿಂದೆ ಹುಟ್ಟಿ, 1983ರಲ್ಲಿ ಪ್ರಮಾಣೀಕೃತವಾದ ಟೆಲ್‌ನೆಟ್, ಜಾಲದಲ್ಲಿರತಕ್ಕವರೆಲ್ಲರೂ ಪರಸ್ಪರ ಪರಿಚಿತರೇ ಆಗಿದ್ದ ಕಾಲದ ಕೂಸು. ನಾವು ಒತ್ತಿದ ಅಕ್ಷರವೊಂದೊಂದೂ, ಪಾಸ್‌ವರ್ಡ್ ಸಹಿತವಾಗಿ, ಯಾವ ಮುಸುಕೂ ಇಲ್ಲದೆ ಅದರಲ್ಲಿ ಸಂಚರಿಸುತ್ತದೆ. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡುಗಳು ಕಳವಾದ ಮೇಲೆ, ಅಲ್ಲಿಯ ತಾತು ಯುಲೊನೆನ್ 1995ರಲ್ಲಿ ಎಸ್ಎಸ್ಎಚ್ ಎಂಬ ಗೂಢಲಿಪಿಯ ಮಾರ್ಗವನ್ನು ರಚಿಸಿದನು. ಅದರ ಎರಡನೆಯ ಆವೃತ್ತಿ 2006ರಲ್ಲಿ ಪ್ರಮಾಣವೆನಿಸಿತು. 2017ರಲ್ಲಂತೂ, ಟೆಲ್‌ನೆಟ್ಟಿನ ಮೂಲಕ ತನ್ನ ಮುನ್ನೂರಕ್ಕೂ ಮಿಕ್ಕಿದ ಮಾದರಿಗಳ ಸ್ವಿಚ್ಚುಗಳನ್ನು ಅನ್ಯರು ವಶಪಡಿಸಿಕೊಳ್ಳಬಹುದೆಂದು ಸಿಸ್ಕೋ ಸಂಸ್ಥೆಯೇ ಎಚ್ಚರಿಸಿ, ಟೆಲ್‌ನೆಟ್ಟನ್ನು ಮುಚ್ಚಿಬಿಡಿರೆಂದು ಸಲಹೆಯಿತ್ತಿತು. ಹೀಗಿದ್ದೂ ಟೆಲ್‌ನೆಟ್ಟನ್ನು ಪ್ರಥಮಾಧ್ಯಾಯದಲ್ಲಿಯೂ ಎಸ್ಎಸ್ಎಚ್ಚನ್ನು ಅನುಬಂಧದಲ್ಲಿಯೂ ಇರಿಸುವ ರೂಢಿ ಮಾತ್ರ ಪೂರ್ತಿ ಅಳಿದಿಲ್ಲ. ಮೊದಲು ಕಲಿತದ್ದೇ ಕೈಗೆ ಹತ್ತುವುದರಿಂದ, ಅನುಬಂಧವನ್ನು ಓದುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ.

ಎಸ್ಎಸ್ಎಚ್ಚಿಗೆ ತುಸು ಹೆಚ್ಚು ಶ್ರಮ ಬೇಕು: ಸ್ವಿಚ್ಚಿಗೊಂದು ಹೆಸರು, ಒಂದು ಡೊಮೇನ್ ಹೆಸರು, 2048 ಬಿಟ್ಟಿನ ಆರ್‌ಎಸ್ಎ ಕೀಲಿ, ಬಳಕೆದಾರನೊಬ್ಬೊಬ್ಬನಿಗೂ ಬೇರೆ ಖಾತೆ, ಕಡೆಗೆ ‘ಲಾಗಿನ್ ಲೋಕಲ್’. ಗೂಢಲಿಪಿಗಿಂತಲೂ ಈ ಬೇರೆ ಬೇರೆ ಖಾತೆಗಳ ಉಪಕಾರವೇ ದೊಡ್ಡದೆಂದು ನನ್ನ ಅಭಿಪ್ರಾಯ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೂಬನ್ನೆತ್ತುವ ಹೊಣೆ ನೀರುಗಂಟಿಯದಾಗಿದ್ದರೆ, ಗದ್ದೆ ಒಣಗಿದಾಗಲೂ ಕೊಚ್ಚಿಹೋದಾಗಲೂ ಯಾರನ್ನು ಕೇಳಬೇಕೆಂಬುದು ಊರಿಗೆಲ್ಲ ತಿಳಿದಿರುತ್ತದೆ. ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇದ್ದಲ್ಲಿ, ನಿನ್ನೆ ಸಂರಚನೆಯನ್ನು ತಿದ್ದಿದವರಾರೆಂಬ ಪ್ರಶ್ನೆಗೆ ಸ್ವಿಚ್ಚಿನ ಲಾಗ್ ಬರಿಯ ಐಪಿ ವಿಳಾಸವನ್ನು ತೋರಿಸೀತು. ಖಾತೆಗಳಿದ್ದರೆ ಹೆಸರನ್ನೇ ಹೇಳುತ್ತದೆ.

ಇನ್ನು ಪಾಠಗಳು ಅರ್ಧ ವಾಕ್ಯದಲ್ಲಿ ದಾಟಿಬಿಡುವ, ದೂರದ ಊರಿನಲ್ಲಿ ಪ್ರಾಣಸಂಕಟ ತರತಕ್ಕ ಕೆಲವು ಸಂಗತಿಗಳುಂಟು. ಹೊರಜಾಲಕ್ಕೆ ದಾರಿಯಾಗುವ ಡೀಫಾಲ್ಟ್ ಗೇಟ್‌ವೇ ಬರೆಯದೆ ಬಿಟ್ಟ ಸ್ವಿಚ್ಚು ಅದೇ ಕೋಣೆಯ ಲ್ಯಾಪ್‌ಟಾಪಿಗೆ ವಿನಯದಿಂದ ಉತ್ತರಿಸುತ್ತದೆ. ತಂತ್ರಜ್ಞನು ತೃಪ್ತನಾಗಿ ಬಸ್ಸು ಹತ್ತಿ ಕಡೂರು ಸೇರಿ ನೋಡಿದರೆ ನಿರುತ್ತರ. ದೂರದಿಂದ ಒಳಬರುವ ವಿಟಿವೈ ಮಾರ್ಗಗಳು ಅನೇಕ ಸ್ವಿಚ್ಚುಗಳಲ್ಲಿ 0ಯಿಂದ 15ರವರೆಗೆ ಇರುತ್ತವೆ; ಹಳೆಯ ಪುಸ್ತಕವನ್ನು ನಂಬಿ 0ಯಿಂದ 4ರವರೆಗೆ ಮಾತ್ರ ಎಸ್ಎಸ್ಎಚ್ಚಿಗೆ ಮೀಸಲಿಟ್ಟರೆ, ಮೊದಲೇ ಟೆಲ್‌ನೆಟ್ಟಿಗೆ ತೆರೆದಿದ್ದ 5ನೆಯ ಸಂಖ್ಯೆಯ ಮಾರ್ಗದಿಂದ ಬೇಡದವರು ಯಥಾಪ್ರಕಾರ ಒಳಬರುತ್ತಾರೆ. ಯಾವ ವಿಳಾಸಗಳಿಗೆ ಪ್ರವೇಶವುಂಟೆಂಬ ಪಟ್ಟಿಯನ್ನು ದೂರದಿಂದಲೇ ಹೇರುವಾಗ ಒಂದಂಕಿ ತಪ್ಪಿದರೂ, ಹೇರಿದವನೇ ಹೊರಗುಳಿಯುತ್ತಾನೆ. ಇದಕ್ಕೆ ‘ರಿಲೋಡ್ ಇನ್ 10’ ಎಂಬ ಸೊಗಸಾದ ಉಪಾಯವೊಂದುಂಟು: ರದ್ದುಮಾಡದಿದ್ದರೆ ಹತ್ತು ನಿಮಿಷಗಳ ತರುವಾಯ ಸ್ವಿಚ್ಚು ಪುನರಾರಂಭಗೊಂಡು, ಹಿಂದೆ ಉಳಿಸಿಟ್ಟಿದ್ದ ಸಂರಚನೆಗೆ ತಾನಾಗಿಯೇ ಮರಳುತ್ತದೆ. ಸಖರಾಯಪಟ್ಟಣಕ್ಕೆ ಮರಳಿ ಹೋಗಬೇಕಾದ ಪ್ರಯಾಣವನ್ನು ತಪ್ಪಿಸುವ ಈ ಒಂದು ಆಜ್ಞೆ, ಪ್ರಾರಂಭಿಕ ಪಾಠಗಳಲ್ಲಿ ವಿರಳವಾಗಿ ಕಾಣಸಿಗುವುದು ಸೋಜಿಗವೇ ಸರಿ.

ಒಟ್ಟಿನಲ್ಲಿ ಈ ಪದ್ಧತಿ ಪ್ರವೇಶವನ್ನು ಚೆನ್ನಾಗಿ ಕಲಿಸುತ್ತದೆ, ಪ್ರವೇಶದ ಹೊಣೆಯನ್ನು ಕಲಿಸುವುದಿಲ್ಲ. ಪಾಠ ಬರೆಯುವ ಮಹನೀಯರು ಟೆಲ್‌ನೆಟ್ಟನ್ನು ಇತಿಹಾಸದ ಪುಟಕ್ಕೆ ಸರಿಸಿ, ಗೇಟ್‌ವೇಯನ್ನೂ ಹದಿನಾರು ಮಾರ್ಗಗಳನ್ನೂ ಮೊದಲ ದಿನವೇ ಹೇಳಿಕೊಡಲಿ. ಸ್ಥಳದಲ್ಲಿ ಕೆಲಸ ಮಾಡುವವರು, ಊರು ಬಿಡುವ ಮುನ್ನ ಹೊರಜಾಲದಲ್ಲಿರುವ ಸಹೋದ್ಯೋಗಿಯಿಂದ ಒಮ್ಮೆ ಲಾಗಿನ್ ಮಾಡಿಸಿ ನೋಡಿ, ಸಂರಚನೆಯನ್ನು ಉಳಿಸಿ, ಕನ್ಸೋಲ್ ಕೇಬಲ್ಲನ್ನು ಅದೇ ಪೆಟ್ಟಿಗೆಯಲ್ಲಿಟ್ಟು ಬರಲಿ.