ಶೈತ್ಯವೇ ಶುದ್ಧಿಯೆ?

ಆಹಾರವನ್ನು ಕೆಡದಂತೆ ಕಾಪಿಡುವ ವಿದ್ಯೆಗೂ ಮೈಸೂರಿಗೂ ಹಳೆಯ ನಂಟು. ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು 1950ರಲ್ಲಿ ಇಲ್ಲಿನ ಚೆಲುವಾಂಬ ಅರಮನೆಯಲ್ಲಿ ಆರಂಭವಾಯಿತು. ಸೈನಿಕರ ಆಹಾರಕ್ಕೆಂದೇ ರಕ್ಷಣಾ ಆಹಾರ ಸಂಶೋಧನಾಲಯವು 1961ರಲ್ಲಿ ಇದೇ ನಗರದಲ್ಲಿ ಸ್ಥಾಪಿತವಾಯಿತು. ಒಂದು ಕಾಲಕ್ಕೆ ಪ್ರಯೋಗಶಾಲೆಯ ಮಾತಾಗಿದ್ದ ಫ್ರೀಜ್ ಡ್ರೈಯಿಂಗ್, ಅಂದರೆ ಹಿಮಶುಷ್ಕೀಕರಣವು, ಇಂದು ಒಣಹಣ್ಣಿನ ಪೊಟ್ಟಣವಾಗಿ ಅಂಗಡಿಗೆ ಬಂದಿದೆ. ಫ್ರೀಜರ್ ಅಂತೂ ಮನೆಮನೆಯಲ್ಲಿದೆ. ಅವುಗಳ ಬೆನ್ನಿಗೆ ಒಂದು ವಾದವೂ ಹುಟ್ಟುತ್ತದೆ: ಕೆಡದ ಪದಾರ್ಥಕ್ಕೆ ಕಾಲಮರ್ಯಾದೆ ಏಕೆ? ಈ ವಾದವನ್ನು ಒರೆಗೆ ಹಚ್ಚುವುದು ಅಗತ್ಯ.

ಫ್ರೀಜರಿನಲ್ಲಿ ಪದಾರ್ಥದ ನೀರು ಅದರೊಳಗೇ ಹೆಪ್ಪುಗಟ್ಟಿ ನಿಲ್ಲುತ್ತದೆ. ಸೊನ್ನೆಗಿಂತ 18 ಡಿಗ್ರಿ ಸೆಲ್ಸಿಯಸ್ ಕೆಳಗೆ ಸೂಕ್ಷ್ಮಾಣುಗಳ ವೃದ್ಧಿ ನಿಲ್ಲುತ್ತದೆಯಾದರೂ ಅವುಗಳಲ್ಲಿ ಅನೇಕವು ಸಾಯುವುದಿಲ್ಲ. ಹಿಮ ಕರಗಿದ ಮೇಲೆ ಮತ್ತೆ ಬೆಳೆಯುತ್ತವೆ. ಹಿಮಶುಷ್ಕೀಕರಣದಲ್ಲಿ ಹೆಪ್ಪುಗಟ್ಟಿದ ಹಣ್ಣನ್ನು ನಿರ್ವಾತದಲ್ಲಿರಿಸಿ ಮೆಲ್ಲನೆ ಶಾಖ ಕೊಡುತ್ತಾರೆ. ಆಗ ಹಿಮವು ನೀರಾಗದೆ ನೇರವಾಗಿ ಆವಿಯಾಗುತ್ತದೆ. ಆಕಾರ, ಬಣ್ಣ ಬಹುಮಟ್ಟಿಗೆ ಉಳಿಯುತ್ತವೆ. ತೇವ ಮಾತ್ರ ನೂರಕ್ಕೆ ಕೆಲವೇ ಪಾಲು. ಆದರೆ ಪ್ರಯೋಗಶಾಲೆಗಳು ಬ್ಯಾಕ್ಟೀರಿಯಾಗಳನ್ನು ವರ್ಷಗಟ್ಟಲೆ ಸಜೀವವಾಗಿ ಕಾಪಾಡುವುದೂ ಇದೇ ವಿಧಾನದಿಂದ! ಪೊಟ್ಟಣ ಒಡೆದೊಡನೆ ಒಣಹಣ್ಣು ಗಾಳಿಯ ತೇವವನ್ನು ಹೀರತೊಡಗುತ್ತದೆ. ಆದ್ದರಿಂದ ಶೈತ್ಯವು ತಡೆ ಮಾತ್ರ, ಅದನ್ನು ಶುದ್ಧಿಯೆನ್ನಲಾಗದು. ನಿನ್ನೆಯ ಅಡುಗೆಯನ್ನು ಫ್ರೀಜರಿನಲ್ಲಿಟ್ಟು ಮರ್ಯಾದೆ ಮೀರಿಲ್ಲವೆನ್ನುವುದು ಆತ್ಮವಂಚನೆ.

ಹಾಗೆಂದು ಯಂತ್ರ ಮುಟ್ಟಿದ್ದೆಲ್ಲವೂ ಅಭಕ್ಷ್ಯವೆನ್ನುವುದೂ ವಿವೇಕವಲ್ಲ. ಬೇಸಗೆಯ ಬಿಸಿಲಲ್ಲಿ ಹಪ್ಪಳ, ಸಂಡಿಗೆ ಒಣಗಿಸಿದ ಮನೆಗಳಿಗೆ ಸಂರಕ್ಷಣೆ ಹೊಸದೇನೂ ಅಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮೂಲಂಗಿ, ಹಸಿಶುಂಠಿ, ಬೆಣ್ಣೆ ಮುಂತಾದವನ್ನು ವರ್ಜಿಸಬೇಕೆನ್ನುವಾಗ ಕೊಡುವ ಕಾರಣ ಗಮನಾರ್ಹವಾದುದು: ದೊರೆಯುವ ಫಲ ಅಲ್ಪ, ಆಗುವ ಘಾತ ಬಹಳ. ಆಚಾರ್ಯರು ಪಟ್ಟಿಯೊಡನೆ ತೂಗುವ ತಕ್ಕಡಿಯನ್ನೂ ಕೊಟ್ಟಿದ್ದಾರೆ.

ಆ ತಕ್ಕಡಿಯಲ್ಲಿ ತೂಗಿದರೆ, ಹಿಮಾಲಯದ ಗಡಿ ಕಾಯುವ ಸೈನಿಕನಿಗೆ ಹಗುರವಾದ ಒಣ ಆಹಾರದ ಫಲ ದೊಡ್ಡದು. ಸುಗ್ಗಿಯಲ್ಲಿ ಕೊಳೆತುಹೋಗುವ ಹಣ್ಣು ಉಳಿಯುವುದಾದರೆ ಅದೂ ಸಣ್ಣ ಲಾಭವಲ್ಲ. ಆದರೆ ದೇವರಾಜ ಮಾರುಕಟ್ಟೆಯಲ್ಲಿ ನಿತ್ಯವೂ ತಾಜಾ ಬಾಳೆಹಣ್ಣು ದೊರೆಯುವ ಊರಿನ ಗೃಹಸ್ಥನಿಗೆ? ಹಣ್ಣನ್ನು ಹೆಪ್ಪುಗಟ್ಟಿಸಿ ಗಂಟೆಗಟ್ಟಲೆ ನಿರ್ವಾತದಲ್ಲಿರಿಸಲು ವ್ಯಯವಾಗುವ ವಿದ್ಯುತ್ತು ಬಹಳ. ಬಿಸಿಲಿಗೆ ಆ ವೆಚ್ಚವಿಲ್ಲ. ಅಕಾಲದಲ್ಲಿ ಮಾವು ಬೇಕೆಂಬುದು ನಾಲಗೆಯ ಚಾಪಲ್ಯ. ಪೆಟ್ಟಿಗೆ ತುಂಬಿರಬೇಕೆಂಬುದು ಪರಿಗ್ರಹ.

ಬಸದಿಗಳ ಆಡಳಿತ ಮಂಡಳಿಗಳೂ ಭೋಜನಶಾಲೆಗೆ ದೊಡ್ಡ ಫ್ರೀಜರ್ ಕೊಳ್ಳುವ ಮುನ್ನ, ಉಣ್ಣುವವರ ಎಣಿಕೆಯನ್ನು ಸರಿಯಾಗಿ ಮಾಡಿ ಅಂದಂದಿಗೆ ಬೇಕಾದಷ್ಟನ್ನೇ ಬೇಯಿಸುವ ದಾರಿಯನ್ನು ಯೋಚಿಸುವುದು ಲೇಸು. ಎಷ್ಟು ದಿನ ಉಳಿದೀತೆಂಬುದನ್ನು ಯಂತ್ರವು ಹೇಳಬಲ್ಲದು. ಎಷ್ಟು ಬೇಕೆಂಬುದನ್ನು ಶ್ರಾವಕನೇ ಹೇಳಿಕೊಳ್ಳಬೇಕು.