ಪದರದ ಮೇಲೆ ಪದರ

1/48 ಅಳತೆಯ ಝೀರೋ ಯುದ್ಧವಿಮಾನದ ರೆಕ್ಕೆಯ ಮೇಲೆ ಕೂದಲೆಳೆಯಂಥ ಗೀರುಗಳು. ಅವುಗಳೊಳಗೆ ಮಾತ್ರ ಮಸಿಬಣ್ಣ ನಿಲ್ಲಿಸುವ ಜಪಾನಿನ ಮಾದರಿಕಾರರ ಕೈಚಳಕ ನಿಜಕ್ಕೂ ಬೆರಗು.

ಅವರಲ್ಲಿ ಹಲವರು ಮೊದಲು ಮಿಸ್ಟರ್ ಕಲರ್‌ನಂಥ ಲ್ಯಾಕರ್ ಊದುತ್ತಾರೆ. ಅದರ ದ್ರಾವಕ ಮಾದರಿಯ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ತುಸುವೇ ಕರಗಿಸುವುದರಿಂದ ಬಣ್ಣ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಮೇಲೊಂದು ಹೊಳಪಿನ ಪದರ. ಇಲ್ಲವಾದರೆ ಒರಟು ಮೈಯಲ್ಲಿ ಆಮೇಲೆ ಅಂಟಿಸುವ ಗುರುತುಚಿತ್ರಗಳ (ಡೆಕಾಲ್) ಅಡಿ ಗಾಳಿ ಸಿಕ್ಕಿ ಬೆಳ್ಳಗೆ ಮಿನುಗೀತು. ಆಮೇಲೆ ತಮಿಯಾ ಕಂಪನಿಯ ಎನಾಮಲ್ ದ್ರವದ ಒಂದೇ ಹನಿ. ಗೀರಿನುದ್ದಕ್ಕೂ ಅದು ತಾನಾಗಿಯೇ ಓಡುವುದನ್ನು ನೋಡಬೇಕು! ಹೆಚ್ಚಾದದ್ದನ್ನು ಎನಾಮಲ್ ತಿನ್ನರ್ ಸೋಕಿಸಿದ ಹತ್ತಿಯಿಂದ ಒರೆಸಿದರೂ ಕೆಳಗಿನ ಲ್ಯಾಕರ್ ಕದಲದು.

ಕ್ರಮ ತಿರುಗಿಸುವಂತಿಲ್ಲ.

ಎನಾಮಲ್ ಮೇಲೆ ಲ್ಯಾಕರ್ ದಟ್ಟವಾಗಿ ಬಿದ್ದರೆ ಅಡಿಯ ಬಣ್ಣ ಸುಕ್ಕುಗಟ್ಟಬಹುದು. ಅದಕ್ಕೇ ಕೊನೆಯ ಮಂದ ವಾರ್ನಿಷ್ ಲ್ಯಾಕರ್ ಆಗಿದ್ದರೆ ಅದನ್ನು ನುರಿತ ಕೈಗಳು ತೆಳುವಾಗಿ, ಬಿಟ್ಟು ಬಿಟ್ಟು ಊದುತ್ತವೆ.