ಕಿರುಪೆಟ್ಟಿಗೆಯ ಕಂಠನಿಷ್ಠೆ

ಹೊರಾಂಗಣ ಪ್ರಸಾರದ ಇಕ್ಕಟ್ಟಾದ ವಾಹನಗಳಲ್ಲಿ ಧ್ವನಿಯ ಗುಣವನ್ನು ಪರೀಕ್ಷಿಸಲೆಂದು ಬಿಬಿಸಿಯ ಎಂಜಿನಿಯರುಗಳು 1970ರ ದಶಕದಲ್ಲಿ ರೂಪಿಸಿದ ಎಲ್‌ಎಸ್3/5ಎ ಸ್ಪೀಕರ್, ಸುಮಾರು 30 ಸೆಂಟಿಮೀಟರ್ ಎತ್ತರದ ಮುಚ್ಚಿದ ಪೆಟ್ಟಿಗೆಯಾಗಿದ್ದು, ಮುಂದೆ ಮನೆಯ ಪುಸ್ತಕದ ಕಪಾಟಿಗೂ ಬಂದು ರಸಿಕರ ಪ್ರೀತಿಯನ್ನು ಗಳಿಸಿತು. ಮಂದ್ರ ಹಾಗೂ ಮಧ್ಯಮ ಸ್ವರಗಳನ್ನು ನುಡಿಸುವ ವೂಫರ್, ತಾರ ಸ್ವರಗಳನ್ನು ನುಡಿಸುವ ಟ್ವೀಟರ್, ಇವೆರಡಕ್ಕೂ ಸಂಕೇತವನ್ನು ಕಂಪನಾಂಕಕ್ಕೆ ತಕ್ಕಂತೆ ಹಂಚುವ ಕ್ರಾಸ್‌ಓವರ್ ಎಂಬ ವಿದ್ಯುನ್ಮಂಡಲ, ಈ ಮೂರನ್ನೂ ಪರಸ್ಪರ ಹೊಂದಿಸಿದ ಎಚ್ಚರವೇ ಇದರ ಹಿರಿಮೆ. ತೆಳು ಪ್ಲೈವುಡ್ ಗೋಡೆಗಳ ಒಳಮೈಗೆ ಕಂಪನವನ್ನು ತಗ್ಗಿಸುವ ಹಾಸನ್ನು ಅಂಟಿಸಿದ್ದರಿಂದ ಪೆಟ್ಟಿಗೆಯ ಸ್ವಂತ ದನಿ ಅಡಗಿ, ಮಾತು ಮತ್ತು ಗಾಯನ ಸಹಜವಾಗಿ ಕೇಳುತ್ತವೆ. ಆಳವಾದ ಮಂದ್ರವೂ ಭಾರಿ ಸದ್ದೂ ಇದಕ್ಕೆ ಒಗ್ಗದಿದ್ದರೂ, ಗಾಯಕರ ಉಸಿರನ್ನೂ ಅಕ್ಷರಗಳ ಸ್ಪಷ್ಟತೆಯನ್ನೂ ಹತ್ತಿರದಿಂದ ಆಲಿಸಬಯಸುವವರು ಇದನ್ನು ದಶಕಗಳಿಂದ ಮೆಚ್ಚಿ ಉಳಿಸಿಕೊಂಡಿರುವುದು ಸರ್ವಥಾ ಯುಕ್ತವಾಗಿದೆ.